ಟಿವಿಯ ಇಂಚು ಕೇಳುವ ಮೊದಲು ಗೋಡೆ ಯಾವುದೆಂದು ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ದೀಪಾವಳಿ ಪುರವಣಿಯಲ್ಲಿ ಟಿವಿ ಖರೀದಿಯ ಬಗ್ಗೆ ಪುಟ ತುಂಬಾ ಬರಹ ಬಂದಿತ್ತು. ಇಂಚು, ರಿಯಾಯಿತಿ, ಕಂತು, ಎಕ್ಸ್‌ಚೇಂಜ್ ಎಲ್ಲವೂ ಇತ್ತು. ಆ ಟಿವಿಯನ್ನು ಯಾವ ಗೋಡೆಗೆ ತೂಗು ಹಾಕುತ್ತೀರಿ ಅಂತ ಕೇಳುವ ಒಂದೇ ಒಂದು ಸಾಲು ಇರಲಿಲ್ಲ. ನಾನು ಕುಂದಾಪುರ ತಾಲ್ಲೂಕಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು. ಮೊಳೆ, ಸ್ಕ್ರೂ, ಪೈಪು, ಪೇಂಟು ಮಾರುತ್ತೇನೆ, ಟಿವಿ ಮಾರುವುದಿಲ್ಲ. ಆದರೆ ಹೊಸ ಟಿವಿ ತಂದವರು ಮರುದಿನ ಬರುವುದು ನನ್ನಂಥವರ ಅಂಗಡಿಗೇ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ‘ಜಿಎಸ್‌ಟಿ ಇಳಿದಿದೆ, ಈಗಲೇ ತಗೊಳ್ಳಿ’ ಅನ್ನುವ ಬ್ಯಾನರು ಎಲ್ಲ ಕಡೆ ಇದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದದ್ದು ನಿಜ. 32 ಇಂಚು ಮತ್ತು ಅದಕ್ಕಿಂತ ಚಿಕ್ಕ ಟಿವಿಗೆ 2019ರ ಜನವರಿಯಿಂದಲೇ ಶೇ 18 ಇತ್ತು. ಅಂದರೆ 32 ಇಂಚಿನ ಟಿವಿಗೆ ಹೊಸದಾಗಿ ಏನೂ ಇಳಿದಿಲ್ಲ. ಅದರ ಮೇಲೂ ಇದೇ ಬ್ಯಾನರು ನೇತುಹಾಕಿದ್ದರೆ ಸುಮ್ನೆ ನಕ್ಕು ಮುಂದೆ ಹೋಗಿ. ದೊಡ್ಡ ಟಿವಿಗೆ ಎಷ್ಟು ಉಳಿಯುತ್ತದೆ? ತೆರಿಗೆ ಬಿಟ್ಟು 20,000 ರೂಪಾಯಿ ಇರುವ 43 ಇಂಚಿನ ಟಿವಿ ಮೊದಲು 25,600 ಆಗುತ್ತಿತ್ತು, ಈಗ 23,600. ಎರಡು ಸಾವಿರ ಉಳಿತಾಯ. ನನ್ನ ಮಾತು ಕೇಳುವುದಾದರೆ ಆ ಎರಡು ಸಾವಿರವನ್ನು ಇನ್ನೂ ನಾಲ್ಕು ಇಂಚು ಹೆಚ್ಚಿಸಿಕೊಳ್ಳಲು ಸುರಿಯಬೇಡಿ. ಗೋಡೆಯ ಕೆಲಸಕ್ಕೆ ಎತ್ತಿಡಿ.

ನಮ್ಮ ಮನೆಗೂ ಮೊನ್ನೆ ಮೊನ್ನೆ ಟಿವಿ ತಂದೆವು. ಮಗನಿಗೆ 55 ಇಂಚಿನದ್ದೇ ಬೇಕಿತ್ತು. ನಾನು ಟೇಪು ಹಿಡಿದೆ. ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. 55 ಇಂಚಿನ ಟಿವಿಯ ಅಗಲ ಹತ್ತಿರ ಹತ್ತಿರ 48 ಇಂಚು, ಅಂದರೆ ನಾಲ್ಕಡಿ. ನಮ್ಮದು ಹಳೆಯ ಮನೆ, ಹೆಜ್ಜೆಗೊಂದು ಬಾಗಿಲು, ಕಿಟಕಿ. ಒಳಗೋಡೆಯಲ್ಲಿ ಬಾಗಿಲ ಚೌಕಟ್ಟಿನಿಂದ ಮೂಲೆಯವರೆಗೆ ಉಳಿಯುವುದೇ ನಾಲ್ಕಡಿ ಚಿಲ್ಲರೆ. 43 ಇಂಚಿನದ್ದು 38 ಇಂಚು ಅಗಲ, 22 ಇಂಚು ಎತ್ತರ. ಅದು ಸಲೀಸಾಗಿ ಕೂರುತ್ತದೆ. ಕುರ್ಚಿಗೂ ಗೋಡೆಗೂ ಏಳಡಿ ದೂರ ಇರುವ ಕೋಣೆಗೆ ಅದು ಧಾರಾಳ ಸಾಕು. ಮಗನ ಮುಖ ಸಪ್ಪಗಾಯಿತು, ಅದು ಬೇರೆ ವಿಷಯ. ಅಳತೆ ಮನಸ್ಸಿಗೆ ಬಾರದವರು ನಿಮ್ಮ ಪತ್ರಿಕೆಯ ಹಾಳೆಗಳನ್ನೇ ಅಷ್ಟಗಲಕ್ಕೆ ಜೋಡಿಸಿ ಗೋಡೆಗೆ ಅಂಟಿಸಿ ನೋಡಲಿ. ಅಂಗಡಿಯ ದೊಡ್ಡ ಹಾಲಿನಲ್ಲಿ ಎಲ್ಲ ಟಿವಿಯೂ ಚಿಕ್ಕದಾಗಿಯೇ ಕಾಣುತ್ತದೆ.

ಕಡಿಮೆ ಬೆಲೆಯಲ್ಲಿ ಆರಿಸುವಾಗ ನಾನು ನೋಡಿದ್ದು ಇಷ್ಟು. ಡಬ್ಬಿ ಮೇಲೆ ಸರ್ಕಾರಿ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದ್ದು ಅಂತ ಗೊತ್ತಾಗುತ್ತದೆ. ತೀರಾ ಅಗ್ಗದ ಕೆಲವು ಟಿವಿಗಳಲ್ಲಿ ‘ಆಂಡ್ರಾಯ್ಡ್’ ಅಂತ ಬರೆದಿರುತ್ತದೆ, ಆದರೆ ಗೂಗಲ್‌ನ ಮಾನ್ಯತೆ ಇರುವುದಿಲ್ಲ. ಅಂಥವುಗಳಲ್ಲಿ ಕೆಲವು ಆ್ಯಪ್ ನಡೆಯುವುದೇ ಇಲ್ಲ. ಅಂಗಡಿಯಲ್ಲೇ ಆನ್ ಮಾಡಿಸಿ, ಯೂಟ್ಯೂಬ್ ತೆಗೆಸಿ, ನಿಮಗೆ ಬೇಕಾದ್ದನ್ನು ಹಾಕಿಸಿ. ನಮ್ಮ ಕಡೆ ಅದು ಯಕ್ಷಗಾನವೇ. ಚೆಂಡೆ ಪೆಟ್ಟು ಕೇಳಿದರೆ ಸ್ಪೀಕರಿನ ಯೋಗ್ಯತೆ ಎಷ್ಟೆಂದು ತಕ್ಷಣ ತಿಳಿಯುತ್ತದೆ. ತೆಳ್ಳಗಿನ ಟಿವಿಗಳ ಸ್ಪೀಕರು ಹೆಚ್ಚಾಗಿ ಕೆಳಗೆ ಮುಖ ಮಾಡಿರುತ್ತದೆ, ಮಾತು ಗೊಣಗಿದಂತೆ ಕೇಳುತ್ತದೆ. ಸರ್ವಿಸ್ ಮಾಡುವವರು ಎಲ್ಲಿಂದ ಬರುತ್ತಾರೆ ಅಂತಲೂ ಕೇಳಿ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಎಚ್‌ಡಿಎಂಐ, ಡಿಶ್ ಕೇಬಲ್ ಚುಚ್ಚುವ ತೂತುಗಳು ಟಿವಿಯ ಪಕ್ಕಕ್ಕೆ ತೆರೆದಿವೆಯೋ, ನೇರ ಹಿಂದಕ್ಕೋ ನೋಡಿ. ಹಿಂದಕ್ಕೆ ಇದ್ದರೆ, ಗೋಡೆಗೆ ಒತ್ತಿ ಕೂರಿಸಿದ ಮೇಲೆ ವಯರು ಚುಚ್ಚಲು ಬೆರಳೂ ಹೋಗುವುದಿಲ್ಲ.

ಈಗ ಗೋಡೆ. ಟಿವಿಯನ್ನು ಗೋಡೆಗೆ ಹಿಡಿಸುವ ಸ್ಟ್ಯಾಂಡು, ಸ್ಕ್ರೂ ಕೇಳಿಕೊಂಡು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ‘ಗೋಡೆ ಎಂತದ್ದು ಮಾರಾಯ್ರೆ?’ ಹೆಚ್ಚಿನವರು ‘ಗೋಡೆ ಗೋಡೆಯೇ’ ಅನ್ನುತ್ತಾರೆ. ಅಲ್ಲ. ಕರಾವಳಿಯ ಹಳೆಯ ಮನೆಗಳು ಕೆಂಪುಕಲ್ಲಿನವು. ಕೆಂಪುಕಲ್ಲು ಮೈತುಂಬ ತೂತಿನ ಕಲ್ಲು. ಎಲ್ಲೋ ಗಟ್ಟಿ, ಎಲ್ಲೋ ಪೊಳ್ಳು, ಎಲ್ಲೋ ಒಳಗೆ ಬರೀ ಮಣ್ಣು. ಒಂದು ಕಲ್ಲಿಗೂ ಇನ್ನೊಂದಕ್ಕೂ ನಡುವಿನ ಸಂದು ಹಳೆಯ ಮನೆಗಳಲ್ಲಿ ಮಣ್ಣಿನದ್ದೇ ಇರಬಹುದು. ಮೇಲೆ ಸಿಮೆಂಟು ಸಾರಣೆ ಮಾಡಿ ಪೇಂಟು ಬಳಿದರೆ ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ, ಅಲ್ವಾ? ಊರಿನಿಂದ ಊರಿಗೆ ಟೆಂಪೋದಲ್ಲಿ ಓಡುವ ಫಿಟ್ಟಿಂಗ್ ಹುಡುಗರಿಗೆ ಇದನ್ನು ತಟ್ಟಿ ನೋಡುವ ಪುರುಸೊತ್ತಿಲ್ಲ. ಹ್ಯಾಮರ್, ಅಂದರೆ ಕುಟ್ಟುತ್ತಾ ಕೊರೆಯುವ ಸ್ವಿಚ್ಚು ಹಾಕಿ ಡ್ರಿಲ್ ಒತ್ತುತ್ತಾರೆ. ಕಲ್ಲು ಒಡೆದು ಎಂಟು ಮಿಲಿಮೀಟರಿನ ತೂತು ಹನ್ನೆರಡು ಆಗುತ್ತದೆ. ಸ್ಕ್ರೂ ಹಿಡಿಯಲೆಂದು ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ ಒಳಗೇ ತಿರುಗುತ್ತದೆ. ಆಗ ಬೆಂಕಿಕಡ್ಡಿಯೋ ಮರದ ಚೂರೋ ತುರುಕಿ ಸ್ಕ್ರೂ ಬಿಗಿಯುತ್ತಾರೆ. ಮಳೆಗಾಲದಲ್ಲಿ ಹೊಡೆದ ಮರದ ಚೂರು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ.

ನನ್ನ ಗಿರಾಕಿಯೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಮೇಲಿನ ಎರಡು ಸ್ಕ್ರೂ ಸಡಿಲವಾಗಿ ಟಿವಿ ಬಗ್ಗಿ, ಕೊನೆಗೆ ಕಳಚಿ ಬಿತ್ತು. ಪರದೆ ಒಡೆಯಿತು. ಬಿದ್ದು ಒಡೆದದ್ದಕ್ಕೆ ವಾರಂಟಿ ಇಲ್ಲ ಅಂತ ಕಂಪನಿಯವರು. ಫಿಟ್ ಮಾಡಿದವ ನಮ್ಮ ಆಳಲ್ಲ ಅಂತ ಅಂಗಡಿಯವರು. ಹೊಸ ಪರದೆಗೆ ಹೇಳಿದ ರೇಟು ಕೇಳಿದ ಮೇಲೆ ಅವರು ರಿಪೇರಿಯ ಯೋಚನೆಯನ್ನೇ ಬಿಟ್ಟರು. ಬಡ್ಡಿಯಿಲ್ಲದ ಕಂತು ಮಾತ್ರ ಈಗಲೂ ಕಟ್ಟುತ್ತಿದ್ದಾರೆ.

ಕೆಂಪುಕಲ್ಲಿಗೆ ನಡೆಯುವ ದಾರಿ ಇದೆ, ಖರ್ಚೂ ಹೆಚ್ಚಿಲ್ಲ. ಹ್ಯಾಮರ್ ಬಂದ್ ಮಾಡಿ ಬರೀ ತಿರುಗಣೆಯಲ್ಲಿ ನಿಧಾನ ಕೊರೆಯಬೇಕು. ಸಂದು ಬಿಟ್ಟು ಕಲ್ಲಿನ ಮಧ್ಯಭಾಗಕ್ಕೇ ಕೊರೆಯಬೇಕು. ಬಿಟ್‌ನಿಂದ ಬರುವ ಪುಡಿ ನೋಡುತ್ತಿರಿ. ಬೂದು ಪುಡಿ ಸಾರಣೆಯದ್ದು, ಕೆಂಪು ಪುಡಿ ಬಂದ ಮೇಲೆಯೇ ಕಲ್ಲು ಸಿಕ್ಕಿತು ಅಂತ ಲೆಕ್ಕ. ಪ್ಲಗ್ ಪೂರ್ತಿ ಆ ಕೆಂಪಿನೊಳಗೆ ಕೂರುವಷ್ಟು ಉದ್ದದ ಸ್ಕ್ರೂ ಬೇಕು. ಟಿವಿ ಡಬ್ಬಿಯಲ್ಲಿ ಬರುವ ಗಿಡ್ಡ ಸ್ಕ್ರೂ ಸಾರಣೆ ದಾಟುವುದರೊಳಗೆ ಮುಗಿದುಹೋಗುತ್ತದೆ. ಕಬ್ಬಿಣದ ಆ್ಯಂಕರ್ ಬೋಲ್ಟ್ ಜಾಸ್ತಿ ಗಟ್ಟಿ ಅಂತ ಕೆಲವರು ಕೇಳುತ್ತಾರೆ. ಅದು ಕಾಂಕ್ರೀಟಿಗೆ ಸರಿ. ಒಳಗೆ ಅರಳಿ ಒತ್ತುವ ಆ ಬೋಲ್ಟು ಮೆದು ಕಲ್ಲನ್ನು ಸೀಳುತ್ತದೆ. ನಾನು ಕೊಡುವುದಿಲ್ಲ.

ಗೋಡೆಯ ಮೇಲೆ ನಂಬಿಕೆಯೇ ಬಾರದಿದ್ದರೆ ಇನ್ನೂ ಸುಲಭದ ಉಪಾಯ ಪ್ಲೈವುಡ್. 18 ಮಿಲಿಮೀಟರ್ ದಪ್ಪದ, ನೀರಿಗೆ ತಡೆಯುವ ಪ್ಲೈವುಡ್ ತುಂಡನ್ನು ಟಿವಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ. ಅದನ್ನು ಎಂಟು ಹತ್ತು ಸ್ಕ್ರೂಗಳಿಂದ ಬೇರೆ ಬೇರೆ ಕಲ್ಲುಗಳಿಗೆ ಹಿಡಿಸಿ. ಟಿವಿಯ ಸ್ಟ್ಯಾಂಡನ್ನು ಪ್ಲೈವುಡ್‌ಗೆ ಬಿಗಿಯಿರಿ. ಒಂದೆರಡು ತೂತು ಕೈಕೊಟ್ಟರೂ ಉಳಿದವು ಹಿಡಿಯುತ್ತವೆ. ಗೋಡೆಯ ಥಂಡಿಯೂ ನೇರ ಟಿವಿ ಬೆನ್ನಿಗೆ ತಾಗುವುದಿಲ್ಲ. ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದರೆ ಯಾರಿಗೂ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ಇದೇ. ಹೊಸ ಮನೆಗಳ ಟೊಳ್ಳು ಸಿಮೆಂಟ್ ಬ್ಲಾಕಿಗೆ, ಹಗುರದ ಎಎಸಿ ಬ್ಲಾಕಿಗೆ ಬೇರೆ ಬೇರೆ ಪ್ಲಗ್ ಸಿಗುತ್ತವೆ. ಗೋಡೆ ಯಾವುದೆಂದು ಹೇಳಿ ಕೇಳಿದರೆ ಯಾವ ಹಾರ್ಡ್‌ವೇರ್ ಅಂಗಡಿಯವನೂ ಕೊಡುತ್ತಾನೆ.

ಸ್ಟ್ಯಾಂಡಿನ ವಿಷಯಕ್ಕೆ ಬಂದರೆ, ಅತ್ತಿತ್ತ ತಿರುಗುವ, ಕೈ ಚಾಚುವ ಸ್ಟ್ಯಾಂಡು ಈಗ ಫ್ಯಾಶನ್ನು. ಊಟದ ಮೇಜಿಗೂ ಕಾಣಲಿ, ಚಾವಡಿಗೂ ಕಾಣಲಿ ಅಂತ. 43 ಇಂಚಿನ ಟಿವಿ ತೂಗುವುದು ಏಳೆಂಟು ಕಿಲೋ, ಅದೇನು ದೊಡ್ಡ ಭಾರವಲ್ಲ. ಆದರೆ ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹೊರುವುದೂ ಕೈ ಚಾಚಿ ಹಿಡಿಯುವುದೂ ಒಂದೇ ಅಲ್ಲ. ಗೋಡೆಗೆ ಒತ್ತಿದ ಸ್ಟ್ಯಾಂಡಿನಲ್ಲಿ ಭಾರ ಕೆಳಕ್ಕೆ ಎಳೆಯುತ್ತದೆ. ಒಂದೂವರೆ ಅಡಿ ಹೊರಗೆ ಚಾಚಿದರೆ ಅದೇ ಭಾರ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳಲು ನೋಡುತ್ತದೆ. ಕೆಂಪುಕಲ್ಲಿನ ಮನೆಯವರಿಗೆ ನಾನು ಆ ಸ್ಟ್ಯಾಂಡು ಬೇಡ ಅಂತ ಕೈಮುಗಿದು ಹೇಳುತ್ತೇನೆ, ನನ್ನ ವ್ಯಾಪಾರ ಹೋದರೂ ಸರಿ. ಟಿವಿಯ ಬೆನ್ನಿನ ನಾಲ್ಕು ತೂತುಗಳ ನಡುವಿನ ಅಂತರ ಅಳೆದುಕೊಂಡು ಬನ್ನಿ, 43 ಇಂಚಿನದಕ್ಕೆ ಹೆಚ್ಚಾಗಿ 200 ಮಿಲಿಮೀಟರ್ ಇರುತ್ತದೆ. ಅಲ್ಲಿಗೆ ಕಂಪನಿ ಹೇಳಿದ ಸ್ಕ್ರೂವನ್ನೇ ಹಾಕಿ. ಉದ್ದ ಹೆಚ್ಚಾದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ.

ಎತ್ತರವನ್ನೂ ಸೇರಿಸುತ್ತೇನೆ. ದೇವರ ಫೋಟೋ ಹಾಕುವಷ್ಟು ಮೇಲೆ ಟಿವಿ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ನಮ್ಮ ಅಮ್ಮ ಈಸಿಚೇರಿನಲ್ಲಿ ಕೂತು ನೋಡುವವರು. ಅವರನ್ನು ಕೂರಿಸಿ, ಕಣ್ಣಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದು, ಪರದೆಯ ನಡು ಆ ಗೆರೆಯಿಂದ ಒಂದು ಗೇಣಿನೊಳಗೆ ಬರುವಂತೆ ಹಾಕಿದೆವು. ನೆಂಟರು ‘ತೀರಾ ಕೆಳಗಾಯ್ತು’ ಅನ್ನುತ್ತಾರೆ. ಕುತ್ತಿಗೆ ನೆಂಟರದ್ದಲ್ಲವಲ್ಲ.

ಇನ್ನು ಸಿಡಿಲು. ಬೇರೆ ಜಿಲ್ಲೆಯವರಿಗೆ ಇದು ಅಷ್ಟು ಮುಖ್ಯ ಅನಿಸದಿರಬಹುದು. ಇಲ್ಲಿ ಮಳೆಗಾಲ ಹಿಡಿಯುವ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಸಂಜೆಗಳಲ್ಲಿ ಮೋಡ ಕಟ್ಟಿತೆಂದರೆ ಮನೆಯವರೆಲ್ಲ ಮೊದಲು ಓಡುವುದು ಕರೆಂಟಿನ ಪ್ಲಗ್ ಕೀಳಲು. ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೂ, ಡಿಶ್ ಕೇಬಲ್ಲನ್ನೂ, ಇಂಟರ್‌ನೆಟ್ ವಯರಿದ್ದರೆ ಅದನ್ನೂ ಗುಡುಗು ಶುರುವಾಗುವ ಮೊದಲೇ ಕೀಳಬೇಕು. ಸಿಡಿಲಿಗೆ ಸುಟ್ಟದ್ದಕ್ಕೂ ವಾರಂಟಿ ಬರುವುದಿಲ್ಲ. ಈಗ ಅಂದ ಕೆಡಬಾರದೆಂದು ಪ್ಲಗ್ ಪಾಯಿಂಟನ್ನು ಟಿವಿಯ ಹಿಂದೆಯೇ ಮುಚ್ಚಿಡುತ್ತಾರೆ. ಮೋಡ ಕಟ್ಟಿದಾಗಲೆಲ್ಲ ಟಿವಿ ಇಳಿಸಿ ಪ್ಲಗ್ ಕೀಳುವವರು ಯಾರು? ಪಾಯಿಂಟು ಪಕ್ಕದಲ್ಲಿ, ಅಮ್ಮನ ಕೈಗೂ ಎಟುಕುವಂತೆ ಇರಲಿ. ಡಿಶ್ ಕೇಬಲ್ ಬಿಚ್ಚುವ ಜಾಗವೂ ಸೆಟ್‌ಟಾಪ್ ಬಾಕ್ಸಿನ ಹತ್ತಿರ ಹೊರಗೆ ಕಾಣುವಂತೆ ಇರಲಿ. ಹಾಗೆಯೇ ಮಳೆ ಬಡಿಯುವ ಪಡುವಣ ಗೋಡೆ ಬೇಡ. ಜುಲೈ ಬಂತೆಂದರೆ ಅದು ಒಳಗಿನಿಂದಲೂ ಒದ್ದೆ. ಒಳಗೋಡೆ ಹುಡುಕಿ.

ಕೊನೆಗೆ ನಿಮ್ಮಲ್ಲೊಂದು ಕೇಳಿಕೆ. ಜಾಹೀರಾತು ಕೊಡುವವರಿಗೆ ‘ಫ್ರೀ ಇನ್‌ಸ್ಟಾಲೇಶನ್’ ಅಂದರೆ ಏನೇನು ಫ್ರೀ ಅಂತ ಅದೇ ಜಾಗದಲ್ಲಿ ಬರೆಯಲು ಹೇಳಿ. ಸ್ಟ್ಯಾಂಡು ಅದರಲ್ಲಿ ಸೇರಿದೆಯೋ, ಗೋಡೆ ಕೊರೆಯುವ ಚಾರ್ಜು ಬೇರೆಯೋ, ನಾವೇ ಫಿಟ್ ಮಾಡಿಸಿಕೊಂಡರೆ ವಾರಂಟಿಗೆ ತೊಂದರೆ ಇದೆಯೋ ಅಂತ. ಓದುಗರೂ ಫಿಟ್ಟಿಂಗಿಗೆ ಕೊಟ್ಟ ದುಡ್ಡಿಗೆ ಬೇರೆ ರಸೀದಿ ಕೇಳಿ ತೆಗೆದುಕೊಳ್ಳಲಿ. ಅದರಲ್ಲಿ ಬಂದವನ ಹೆಸರು, ಕಳಿಸಿದ ಅಂಗಡಿಯ ಹೆಸರು ಇರಲಿ. ನಾಳೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಹೊತ್ತು ಬಂದರೆ, ‘ಯಾರೋ ಹುಡುಗ ಬಂದಿದ್ದ’ ಅಂದರೆ ಅಲ್ಲಿ ನಡೆಯುವುದಿಲ್ಲ.

ಇತಿ,
ಹಾರ್ಡ್‌ವೇರ್ ಅಂಗಡಿಯವ
ಕುಂದಾಪುರ ತಾಲ್ಲೂಕು