ಹಲಸೂರಿನ ಆ ಹಿರಿಯರಿಗೆ

ಹೆಸರು ಕೇಳಿದ್ದಕ್ಕೆ, "ಹೆಸರು ತಗೊಂಡು ಏನ್ ಮಾಡ್ತೀಯಮ್ಮಾ, ನಾನೂ ಒಬ್ಬ ತಂಬಿ" ಎಂದು ನಕ್ಕುಬಿಟ್ಟಿರಿ. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಒಬ್ಬರನ್ನೊಬ್ಬರು ಹಾಗೇ ಕರೆಯೋದು ಅಂತ ಆಮೇಲೆ ತಿಳಿಯಿತು.

ಅಪ್ಪ 1971ರ ಯುದ್ಧದಲ್ಲಿದ್ದರು. ಬಾಂಗ್ಲಾದೇಶಕ್ಕೆ ಹೋಗಿದ್ದರು ಎಂದೇ ಮನೆಯಲ್ಲೆಲ್ಲ ನಂಬಿದ್ದೆವು. ಅವರಂತೂ ಬಾಯಿ ಬಿಟ್ಟವರಲ್ಲ. ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕಿದ್ದು ಮಾಸಿದ ಎರಡು ಮೆಡಲು, ಅಷ್ಟೇ.

ಅವನ್ನು ತಂದು ತೋರಿಸಿದಾಗ ನೀವು ಒಂದನ್ನು ಬೆಳಕಿಗೆ ಹಿಡಿದಿರಿ. "ಇದು ಪೂರ್ವಿ ಸ್ಟಾರ್ ಅಲ್ಲ, ಪಶ್ಚಿಮಿ ಸ್ಟಾರ್, ಪಶ್ಚಿಮದ ಗಡಿಯಲ್ಲಿದ್ದವರಿಗೆ ಕೊಟ್ಟಿದ್ದು. ನಿಮ್ಮಪ್ಪ ಢಾಕಾ ಕಡೆ ಹೋಗೇ ಇಲ್ಲ." ಇನ್ನೊಂದು ಆ ಯುದ್ಧದ ಸೇವೆಗೆ ಕೊಟ್ಟ ಸಂಗ್ರಾಮ್ ಮೆಡಲ್. ಅದರ ಅಂಚಿನಲ್ಲಿದ್ದ ನಂಬರ್ ಬರೆದುಕೊಂಡು, ಹಳೇ ಜೊತೆಗಾರರಿಗೆಲ್ಲ ಫೋನ್ ಮೇಲೆ ಫೋನ್ ಮಾಡಿದಿರಿ. ಮೂರೇ ವಾರಕ್ಕೆ ಅಪ್ಪನ ಕಂಪನಿಯವರೊಬ್ಬರು ಸಿಕ್ಕರು.

ಡಿಸೆಂಬರ್ 15ರ ರಾತ್ರಿ, ಪಾಕಿಸ್ತಾನದ ಶಕರ್‌ಗಢ್ ಕಡೆಯ ಬಸಂತರ್ ನದಿ. ಟ್ಯಾಂಕುಗಳಿಗಾಗಿ 9 ಎಂಜಿನಿಯರ್ ರೆಜಿಮೆಂಟಿನವರು ಮೈನು ಹೂತ ನೆಲದಲ್ಲಿ ದಾರಿ ಬಿಡಿಸುತ್ತಿದ್ದರು. ಕೆಲಸ ಮುಗಿಯುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಆ ದಾರಿಯಲ್ಲೇ ನುಗ್ಗಿದವು. ಮರುದಿನ ಪರಮವೀರ ಚಕ್ರದ ಯುವ ಅಧಿಕಾರಿ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟಿದ್ದೂ ಅದೇ ಕದನದಲ್ಲಿ. ದಾರಿ ಬಿಡಿಸಿದವರಲ್ಲಿ ಅಪ್ಪನೂ ಇದ್ದರಂತೆ.

ಅಪ್ಪ ಹೊಲದಲ್ಲೂ ನೆಲ ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದರು. ಹಾವಿನ ಭಯ ಅಂತ ನಾವು ಸುಮ್ನೆ ನಗುತ್ತಿದ್ದೆವು.

ತುಂಬಾ ಥ್ಯಾಂಕ್ಸ್ ಸಾರ್. ಆಟೋ ದುಡ್ಡೂ ಮುಟ್ಟಲಿಲ್ಲ ನೀವು. ಸಂಕ್ರಾಂತಿಗೆ ಊರಿನ ಅವರೆಕಾಯಿ ತರುತ್ತೇನೆ. ಅದನ್ನಾದರೂ ಬೇಡ ಅನ್ನಬೇಡಿ.