ಸೂಜಿ ಕೇಂದ್ರಕ್ಕಾಗಿ ಮನವಿ ಬರೆಯುತ್ತಿರುವ ಮಗಳಿಗೆ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ-ಸಿರಿಂಜ್ ಕೊಡುವ ಕೇಂದ್ರ ಬೇಕೆಂದು ನೀನು ಬರೆದು ಕಳಿಸಿದ ಮನವಿಯ ಕರಡು ಓದಿದೆ. ಭಾಷೆ ಚೆನ್ನಾಗಿದೆ, ಕಳಕಳಿಯೂ ಕಾಣುತ್ತದೆ. ಆದರೆ ಅದನ್ನು ಓದಿದ ಅಧಿಕಾರಿ ನಾಳೆ ಬೆಳಿಗ್ಗೆ ಏನು ಮಾಡಬೇಕು ಅನ್ನುವುದು ಮೂರು ಪುಟ ತಿರುವಿದರೂ ಸಿಗುವುದಿಲ್ಲ. 'ಮಾದಕವಸ್ತು ಬಳಸುವವರನ್ನು ಮಾನವೀಯವಾಗಿ ನೋಡಬೇಕು' ಅಂದರೆ ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಕಡತ ಇದ್ದಲ್ಲೇ ಇರುತ್ತದೆ. ಯಾರು, ಏನನ್ನು, ಎಷ್ಟು, ಯಾವ ತಾರೀಖಿನೊಳಗೆ ಕೊಡಬೇಕು ಅನ್ನುವುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡು. ಉಳಿದ ಪುಟಗಳೆಲ್ಲ ಆ ವಾಕ್ಯಕ್ಕೆ ಆಧಾರವಾಗಿ ನಿಂತರೆ ಸಾಕು.

'ಎಷ್ಟು' ಅನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ಚುಚ್ಚಿಕೊಳ್ಳುವ ಪ್ರತಿಯೊಬ್ಬರಿಗೂ ವರ್ಷಕ್ಕೆ ಕನಿಷ್ಠ 200 ಸೂಜಿ-ಸಿರಿಂಜ್ ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು, 2030ಕ್ಕೆ ಗುರಿಯನ್ನು 300ಕ್ಕೆ ಏರಿಸಿದೆ. ಅದೂ ಸರಾಸರಿ ಲೆಕ್ಕ. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವವರಿಗೆ ವರ್ಷಕ್ಕೆ ಸಾವಿರದ ಮೇಲೆ ಬೇಕು. ಹಾಗಾಗಿ 'ಹಳೆಯದು ಒಂದು ತಂದರೆ ಹೊಸದು ಒಂದು' ಅನ್ನುವ ಷರತ್ತನ್ನು ಯಾರಾದರೂ ಸೇರಿಸಲು ಬಂದರೆ ಒಪ್ಪಬೇಡ. ಪೊಲೀಸರ ತಪಾಸಣೆಗೆ ಹೆದರಿ ಬಳಸಿದ ಸೂಜಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳದವರು ಬರಿಗೈಯಲ್ಲಿ ಬಂದು ಬರಿಗೈಯಲ್ಲೇ ಹೋಗುತ್ತಾರೆ; ಆ ರಾತ್ರಿ ಇನ್ನೊಬ್ಬರ ಸಿರಿಂಜ್ ಕೇಳುತ್ತಾರೆ. ಎಷ್ಟು ಬೇಕೋ ಅಷ್ಟು ಕೊಡಲಿ, ಹಿಂದಿರುಗಿಸುವುದಕ್ಕೆ ಬೇರೆ ಡಬ್ಬಿ ಇರಲಿ. ಗೆಳೆಯರಿಗಾಗಿ ಒಯ್ಯುವವರನ್ನೂ ತಡೆಯಬಾರದು. ಕೇಂದ್ರದ ಹತ್ತಿರವೇ ಸುಳಿಯದವರಿಗೆ ಸರಂಜಾಮು ತಲುಪುವುದು ಅವರಿಂದಲೇ.

ಬರೀ ಸಿರಿಂಜ್ ಕೇಳಿದರೂ ಸಾಲದು. ಪುಡಿ ಕರಗಿಸುವ ಬಟ್ಟಲು ಅಥವಾ ಚಮಚ, ಸೋಸುವ ಹತ್ತಿ, ನೀರು, ಇವೆಲ್ಲ ಕೈಯಿಂದ ಕೈಗೆ ಹೋಗುತ್ತವೆ. ಎಚ್‌ಐವಿಗಿಂತ, ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ವೈರಾಣು ಬಲು ಗಟ್ಟಿ. ಸಿರಿಂಜಿನೊಳಗೆ ವಾರಗಟ್ಟಲೆ ಬದುಕಿರಬಲ್ಲದು, ಹಂಚಿಕೊಂಡ ಹತ್ತಿಯಿಂದಲೂ ದಾಟಬಲ್ಲದು. ಸೂಜಿ ಮಾತ್ರ ಹಂಚಿದ ಕಡೆ ಎಚ್‌ಐವಿ ತಗ್ಗಿದರೂ ಹೆಪಟೈಟಿಸ್ ಸಿ ಜಗ್ಗದಿರುವುದಕ್ಕೆ ಇದೊಂದು ಕಾರಣ. ಒಂದೊಂದು ಸಲಕ್ಕೆ ಬೇಕಾದ ಬಟ್ಟಲು, ಸೋಸುಕ, ಶುದ್ಧ ನೀರಿನ ಆಂಪೂಲ್, ಸ್ಪಿರಿಟ್ ಹತ್ತಿ ಎಲ್ಲವೂ ಪಟ್ಟಿಯಲ್ಲಿರಲಿ. ಒಳಗೆ ರಕ್ತ ಕಡಿಮೆ ಉಳಿಯುವ ಬಗೆಯ ಸಿರಿಂಜನ್ನೇ ಕೇಳು. ಸ್ಪಿರಿಟ್ ಹತ್ತಿ ಚುಚ್ಚುವ ಮೊದಲು ಚರ್ಮ ಒರೆಸುವುದಕ್ಕೆ; ಆಮೇಲೆ ಒತ್ತಿ ಹಿಡಿಯಲು ಒಣ ಹತ್ತಿಯೇ ಬೇಕು, ಸ್ಪಿರಿಟ್ ತಾಗಿದರೆ ರಕ್ತ ಬೇಗ ನಿಲ್ಲದು. ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಅದೇ ಬಾಗಿಲಲ್ಲಿ ಮಾಡಿಸಬಹುದಾದರೆ ಇನ್ನೂ ಒಳ್ಳೆಯದು. ಈಗಿನ ಮಾತ್ರೆಗಳನ್ನು 8ರಿಂದ 12 ವಾರ ನುಂಗಿದರೆ ನೂರರಲ್ಲಿ ತೊಂಬತ್ತೈದರಷ್ಟು ಜನಕ್ಕೆ ಅದು ವಾಸಿಯಾಗುತ್ತದೆ. 'ಮೊದಲು ಚಟ ಬಿಡಲಿ, ಆಮೇಲೆ ಚಿಕಿತ್ಸೆ' ಅನ್ನುವುದಕ್ಕೆ ವೈದ್ಯಕೀಯವಾಗಿ ಆಧಾರವಿಲ್ಲ.

ಸಭೆಯಲ್ಲಿ ಬರುವ ಮೊದಲ ಆಕ್ಷೇಪ ನಿನಗೂ ಗೊತ್ತು: ಸೂಜಿ ಕೊಟ್ಟರೆ ಚಟ ಹಬ್ಬುತ್ತದೆ. ಆಮ್ಸ್ಟರ್‌ಡ್ಯಾಮ್‌ನಲ್ಲಿ 1984ರಲ್ಲಿ, ಹೆಪಟೈಟಿಸ್ ಬಿ ಹರಡುತ್ತಿದ್ದಾಗ, ಮಾದಕವಸ್ತು ಬಳಸುವವರದೇ ಸಂಘ ಮುಂದೆ ನಿಂತು ಸೂಜಿ ಕೊಡುವುದನ್ನು ಶುರುಮಾಡಿತು. ಅಲ್ಲಿಂದೀಚೆಗೆ ಎಷ್ಟೋ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಬಳಕೆ ಹೆಚ್ಚಿದ್ದು ಕಂಡಿಲ್ಲ. ಕೇಂದ್ರಕ್ಕೆ ಬರುವವರು ಚಿಕಿತ್ಸೆಗೆ ಸೇರುವ ಸಂಭವವೇ ಹೆಚ್ಚು. ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯನ್ನು ಹೇಳು. ಸೂಜಿ ವಿನಿಮಯಕ್ಕೆ ಕಾನೂನೇ ಅಡ್ಡವಾಗಿದ್ದ ಆ ಹಳ್ಳಿಗಾಡಿನಲ್ಲಿ 2015ರಲ್ಲಿ ಎಚ್‌ಐವಿ ಸ್ಫೋಟಿಸಿ, ಕೊನೆಗೆ ಇನ್ನೂರಕ್ಕೂ ಹೆಚ್ಚು ಜನಕ್ಕೆ ತಗುಲಿತು. ತುರ್ತುಸ್ಥಿತಿ ಸಾರಿ ಕೇಂದ್ರ ತೆರೆದ ಮೇಲೆ ಹೊಸ ಸೋಂಕು ಇಳಿಯಿತು. ಅಷ್ಟಾಗಿಯೂ 2021ರಲ್ಲಿ ಅಲ್ಲಿನ ಆಡಳಿತ ಆ ಕೇಂದ್ರ ಮುಚ್ಚಲು ಮತ ಹಾಕಿತು! ಇದನ್ನು ಸಭೆಗೆ ಹೇಳದಿದ್ದರೂ ನಿನ್ನ ತಲೆಯಲ್ಲಿರಲಿ. ಮಂಜೂರಾತಿ ಸಿಕ್ಕ ದಿನವೇ ಅದರ ನವೀಕರಣದ ತಾರೀಖನ್ನು ಬರೆದಿಟ್ಟು, ಅದಕ್ಕೆ ಆರು ತಿಂಗಳು ಮೊದಲೇ ಓಡಾಟ ಶುರುಮಾಡು.

ಎರಡನೆಯ ಆಕ್ಷೇಪ ಮಕ್ಕಳ ಆಟದ ಬಯಲಿನಲ್ಲಿ ಬಿದ್ದ ಸೂಜಿಯದು. ಅದನ್ನು ವಿರೋಧ ಎಂದು ಬಗೆಯಬೇಡ, ಅದು ನಿಜವಾದ ತೊಂದರೆ. ಚುಚ್ಚಿದರೆ ತೂತಾಗದ ಡಬ್ಬಿಗಳನ್ನು ಎಲ್ಲೆಲ್ಲಿ ಇಡುತ್ತೀರಿ, ಮುಕ್ಕಾಲು ತುಂಬಿದಾಗ ಯಾರು ಬದಲಿಸುತ್ತಾರೆ, ದೂರು ಬಂದರೆ ಎಷ್ಟು ಗಂಟೆಯೊಳಗೆ ಹೆಕ್ಕುತ್ತೀರಿ ಅನ್ನುವ ಉತ್ತರ ನಕ್ಷೆಯ ಸಮೇತ ಕೈಯಲ್ಲಿರಲಿ. ಎದುರು ಕುಳಿತವರಲ್ಲಿ ಅರ್ಧದಷ್ಟು ಮಂದಿ ಕೇಳುತ್ತಿರುವುದು ಇಷ್ಟೇ.

ನ್ಯಾಲೋಕ್ಸೋನ್ ವಿಷಯ ನಿನ್ನ ಕರಡಿನಲ್ಲಿ ಒಂದೇ ಸಾಲು. ಸಾಲದು ಕಣೇ. ಓಪಿಯಾಯ್ಡ್, ಅಂದರೆ ಹೆರಾಯಿನ್‌ನಂಥ ಅಫೀಮು ಬಗೆಯ ಮಾದಕವಸ್ತು, ಮಿತಿಮೀರಿ ಉಸಿರು ನಿಲ್ಲುತ್ತಿರುವವರನ್ನು ಉಳಿಸುವ ಈ ಔಷಧಿ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತರೆ ಪ್ರಯೋಜನವಿಲ್ಲ. ಬಳಸುವವರ, ಅವರ ಮನೆಯವರ ಕೈಯಲ್ಲಿರಬೇಕು. 2014ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ತರಬೇತಿಯಲ್ಲಿ ಕಲಿಸುವುದು ಇಷ್ಟು. ಕೂಗಿ ಎಬ್ಬಿಸು, ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜು. ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಆಂಬುಲೆನ್ಸಿಗೆ ಕರೆಮಾಡು. 0.4 ಮಿಲಿಗ್ರಾಂ ಚುಚ್ಚುಮದ್ದನ್ನು ತೊಡೆಯ ಸ್ನಾಯುವಿಗೆ ಕೊಡು, ಇಲ್ಲವೇ ಮೂಗಿಗೆ ಸ್ಪ್ರೇ ಮಾಡು. ಗಲ್ಲ ಎತ್ತಿ, ಮೂಗು ಮುಚ್ಚಿ ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಊದುತ್ತಿರು. ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು ಡೋಸ್. ಉಸಿರು ಮರಳಿದ ಮೇಲೆ ಮಗ್ಗುಲಾಗಿ ಮಲಗಿಸು.

ಕೆಡುವುದು ಇಲ್ಲಿಂದ ಮುಂದೆ. ಔಷಧಿಯ ಪರಿಣಾಮ 30ರಿಂದ 90 ನಿಮಿಷ ಮಾತ್ರ, ಒಳಗಿನ ಮಾದಕವಸ್ತು ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಎದ್ದು ಕೂತರು ಎಂದು ಬಿಟ್ಟುಹೋದರೆ ಮತ್ತೆ ಉಸಿರು ಕಟ್ಟಬಹುದು. ಅವಸರಕ್ಕೆ ಡೋಸ್ ಮೇಲೆ ಡೋಸ್ ಕೊಟ್ಟರೆ ತೀವ್ರವಾದ ವಾಂತಿ, ನಡುಕ ಬಂದು ಅವರು ಎದ್ದು ಓಡಿಹೋಗಿ ಇನ್ನೊಮ್ಮೆ ಚುಚ್ಚಿಕೊಳ್ಳುತ್ತಾರೆ. ನೋಡಬೇಕಾದ್ದು ಉಸಿರನ್ನು, ಎಚ್ಚರವನ್ನಲ್ಲ. ತಣ್ಣೀರು ಎರಚುವುದು, ಎಬ್ಬಿಸಿ ನಡೆಸುವುದು, ಉಪ್ಪುನೀರು ಚುಚ್ಚುವುದು ಇವೆಲ್ಲ ಸಮಯ ಹಾಳು. ಮದ್ಯ, ನಿದ್ರೆಮಾತ್ರೆಗಳ ಮೇಲೆ ನ್ಯಾಲೋಕ್ಸೋನ್ ನಡೆಯದು, ಆದರೆ ಕೆಡುಕನ್ನೂ ಮಾಡದು. ಅನುಮಾನವಿದ್ದರೆ ಕೊಡುವುದೇ ಸರಿ. ಜೈಲಿನಿಂದ ಬಿಡುಗಡೆಯಾದ ಮೊದಲ ಎರಡು ವಾರ ಅತ್ಯಂತ ಅಪಾಯದ ಕಾಲ, ಯಾಕೆಂದರೆ ಮಾದಕವಸ್ತುವನ್ನು ತಾಳಿಕೊಳ್ಳುವ ದೇಹದ ಶಕ್ತಿ ಇಳಿದಿರುತ್ತದೆ, ಪ್ರಮಾಣ ಮಾತ್ರ ಹಳೆಯದು. ಜೈಲಿನ ಬಾಗಿಲಲ್ಲೇ ನ್ಯಾಲೋಕ್ಸೋನ್ ಕಿಟ್ ಕೊಡಬೇಕು ಎಂದು ಮನವಿಯಲ್ಲಿ ಪ್ರತ್ಯೇಕವಾಗಿ ಕೇಳು. ಆಂಬುಲೆನ್ಸಿಗೆ ಕರೆಮಾಡಿದವರ ಮೇಲೆ ಕೇಸು ಹಾಕಬಾರದು ಅನ್ನುವುದನ್ನೂ.

ಮದ್ಯದ ವಿಷಯದಲ್ಲಿ ಒಂದೇ ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್, ಆಮೇಲೆ ಸನ್ನಿ ಬಂದು ಸಾಯಲೂಬಹುದು. ಆದ್ದರಿಂದ 'ಕುಡಿತ ಬಿಟ್ಟವರಿಗೆ ಮಾತ್ರ ಪ್ರವೇಶ' ಅನ್ನುವ ಫಲಕ ಆಶ್ರಯತಾಣದ ಮೇಲೆ ಇರಕೂಡದು.

ಇನ್ನು 'ಎಲ್ಲರನ್ನೂ ಒಳಗೊಳ್ಳುವ ಆರೈಕೆ' ಅಂತ ದಪ್ಪಕ್ಷರದಲ್ಲಿ ಬರೆದಿದ್ದೀಯಲ್ಲ, ಅದನ್ನು ಬಾಗಿಲಲ್ಲಿ ನಿಂತು ಅಳೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿದ್ದರೆ ಕೂಲಿಗೆ ಹೋಗುವವರು, ರಾತ್ರಿ ದುಡಿಯುವವರು ಬರಲಾರರು. ಮೂರು ಮೆಟ್ಟಿಲಿದ್ದರೆ ಗಾಲಿಕುರ್ಚಿ ಹೊರಗೇ. ಗುರುತಿನ ಚೀಟಿ ಕೇಳಿದರೆ ಮನೆಯಿಲ್ಲದವರು ಹಿಂದಿರುಗುತ್ತಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ದಾಖಲೆಯ ಹಳೆ ಹೆಸರಿನಿಂದ ಎಲ್ಲರೆದುರು ಕೂಗಿದರೆ ಮತ್ತೆ ಬರುವುದಿಲ್ಲ. ಫಾರಂನಲ್ಲಿ 'ಏನೆಂದು ಕರೆಯಬೇಕು' ಅನ್ನುವ ಒಂದು ಖಾನೆ ಸಾಕು. ಹೆಂಗಸರಿಗೆ ಎಷ್ಟೋ ಸಲ ಚುಚ್ಚುವುದು ಜೊತೆಗಾರ, ಅದೂ ತಾನು ಬಳಸಿದ ಮೇಲೆ. ಅವರಿಗೇ ಮೀಸಲಾದ ಹೊತ್ತು, ಮಹಿಳಾ ಕಾರ್ಯಕರ್ತೆ, ಮಕ್ಕಳು ಕೂರುವ ಜಾಗ ಇರಲಿ. ಹೆಸರಿನ ಬದಲು ಸಂಕೇತ ಸಂಖ್ಯೆ ಬರೆಸು. ವರದಿಯಲ್ಲಿ ಐದಕ್ಕಿಂತ ಕಡಿಮೆ ಜನರ ಗುಂಪಿನ ಸಂಖ್ಯೆ ಅಚ್ಚಾಗದಿರಲಿ, ಸಣ್ಣ ಊರಲ್ಲಿ ಅದು ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

ಈ ಕೊರತೆಗಳನ್ನೆಲ್ಲ ಮೊದಲು ಗುರುತಿಸುವವರು ಸ್ವತಃ ಬಳಸುವವರು, ಬಳಸಿ ಬಿಟ್ಟವರು. ಅವರನ್ನು ಸಭೆಗೆ ಕಥೆ ಹೇಳಿಸಲು ಮಾತ್ರ ಕರೆದೊಯ್ದು, ಬಸ್ ಖರ್ಚು ಕೊಟ್ಟು ಕೈತೊಳೆದುಕೊಳ್ಳಬೇಡ. ಬಜೆಟ್ಟಿನಲ್ಲಿ ಅವರಿಗೆ ಸಂಬಳದ ಹುದ್ದೆ ಇರಲಿ, ಮನವಿಯ ಕರಡಿಗೆ ಅವರ ತಿದ್ದುಪಡಿ ಇರಲಿ.

ಕೊನೆಯದಾಗಿ ನಿನ್ನ ಮೈಯ ವಿಷಯ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡ, ಇಕ್ಕಳದಲ್ಲಿ ಹೆಕ್ಕು, ಡಬ್ಬಿಯನ್ನು ಸೂಜಿಯ ಹತ್ತಿರ ಒಯ್ಯಿ. ಚುಚ್ಚಿಕೊಂಡರೆ ಹಿಂಡಬೇಡ, ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಆದಷ್ಟು ಬೇಗ, ಶುರುವಾಗಿ 28 ದಿನ ನಡೆಯಬೇಕು. ಹೆಪಟೈಟಿಸ್ ಬಿ ಲಸಿಕೆ ನೀನಿನ್ನೂ ಹಾಕಿಸಿಕೊಂಡಿಲ್ಲವಾದರೆ ಮೊದಲ ಡೋಸ್ ಈ ವಾರವೇ ಆಗಲಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ತಿದ್ದಿದ ಕರಡನ್ನು ಕಳಿಸು, ಮೊದಲ ವಾಕ್ಯ ಮಾತ್ರ ಓದುತ್ತೇನೆ.

ಇಂತು,
ನಿನ್ನ ದೊಡ್ಡಮ್ಮ