ಮಂಜುವಿನ ಬಾಗಿದ ಪೋರ್ಟಿಕೋ ಬಗ್ಗೆ, ಇಂಗ್ಲೆಂಡಿನ ಬಾತ್ ಊರಿನಿಂದ

ಪ್ರೀತಿಯ ಅಪ್ಪ, ಅಮ್ಮ, ಮಂಜು,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಇವಳಿಗೆ ಈ ವಾರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹಾಗಾಗಿ ಅಡುಗೆ ನನ್ನದು. ಮಂಜು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ನಾವು ಇಲ್ಲಿ ಸೀಸದ ತಗಡು ಹೊದಿಸಿದ ಪೋರ್ಟಿಕೋದ ಫೋಟೋ ಹಾಕಿದ್ದೆನಲ್ಲ, ಅದನ್ನು ನೋಡಿ ಶಿಡ್ಲಘಟ್ಟದ ಹೊಸ ಮನೆಗೂ ಅದೇ ತರ ಬಾಗಿದ ಪೋರ್ಟಿಕೋ ಬೇಕು, ಅದರ ಮೇಲೆ ಸೀಸದ ತಗಡೇ ಹೊದಿಸಬೇಕು ಅಂತ ಹಠ ಹಿಡಿದಿದ್ದಾನೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಉಳಿದದ್ದಕ್ಕೆಲ್ಲ "ಆಯ್ತಣ್ಣ, ಆಯ್ತಣ್ಣ" ಅನ್ನುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಸೀಸ ಬೇಡ. ಆದರೆ ಸೀಸದ ಕೆಲಸದವರು ತಗಡನ್ನು ಕೂರಿಸುವ ರೀತಿ ಇದೆಯಲ್ಲ, ಅದು ನಮ್ಮ ಮನೆಗೆ ಬೇಕೇ ಬೇಕು. ಪೂರ್ತಿ ಓದು ಮಂಜು, ಅಪ್ಪನಿಗೂ ಓದಿ ಹೇಳು.

ಈ ಊರಿನಲ್ಲಿ ಸೀಸ ಹೊಸದೇನಲ್ಲ. ರೋಮನ್ನರು ಇಲ್ಲಿ ಬಿಸಿನೀರಿನ ಬುಗ್ಗೆಯ ಪಕ್ಕ ದೊಡ್ಡ ಸ್ನಾನದ ಕೊಳ ಕಟ್ಟಿ, ತಳಕ್ಕೆ 45 ಸೀಸದ ತಗಡು ಹಾಸಿದ್ದರು. ಹತ್ತಿರದ ಮೆಂಡಿಪ್ ಬೆಟ್ಟಗಳಲ್ಲಿ ತೆಗೆದ ಸೀಸ. ಅದು ಇವತ್ತಿಗೂ ನೀರು ಹಿಡಿದುಕೊಂಡಿದೆ! ಆಮೇಲೆ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಜೇನುಬಣ್ಣದ ಕಲ್ಲಿನ ಮನೆಗಳು ಸಾಲುಸಾಲಾಗಿವೆ. ಅವುಗಳ ಬಾಗಿಲ ಮೇಲಿನ ಪುಟ್ಟ ಛಾವಣಿ, ಬಿಲ್ಲಿನಂತೆ ಹೊರಗೆ ಬಂದ ಕಿಟಕಿಯ ಮೇಲಿನ ಮುಚ್ಚಳ, ಇಂಥದ್ದೇ ನಮ್ಮ ಕೆಲಸ. ನೆಟ್ಟಗಿನ ಛಾವಣಿ ಯಾರು ಬೇಕಾದರೂ ಮಾಡುತ್ತಾರೆ, ಬಾಗಿದ್ದು ಬಂದರೆ ಮಾತ್ರ ನಮ್ಮ ಯಜಮಾನರು ಮೊದಲು ಟೀ ಕುಡಿದು, ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಲ್ಲುತ್ತಾರೆ.

ತಗಡಿನ ದಪ್ಪಕ್ಕೆ ಇಲ್ಲಿ ಕೋಡ್ ನಂಬರ್ ಇದೆ, 3ರಿಂದ 8ರವರೆಗೆ. ಒಂದು ಚದರ ಅಡಿ ತಗಡು ಎಷ್ಟು ಪೌಂಡು ತೂಗುತ್ತದೋ ಅದೇ ನಂಬರ್. ಸುರುಳಿಯ ಮೇಲೆ ಬಣ್ಣ ಬೇರೆ ಇರುತ್ತದೆ: 4 ನೀಲಿ, 5 ಕೆಂಪು, 6 ಕಪ್ಪು. ಪೋರ್ಟಿಕೋಗೆ ನಾವು ಜಾಸ್ತಿ ಬಳಸುವುದು ಕೋಡ್ 5, ಅಂದರೆ 2.24 ಮಿ.ಮೀ. ದಪ್ಪ. ಒಂದು ಚದರ ಮೀಟರಿಗೆ 25 ಕೆ.ಜಿ. ಮೇಲೆ ತೂಗುತ್ತದೆ. ನಮ್ಮ ರೇಷ್ಮೆ ಹುಳದ ಮನೆಗೆ ಹಾಕಿದಂಥ ಶೀಟು, ಅರ್ಧ ಮಿ.ಮೀ. ಇದ್ದರೆ, ಅಷ್ಟೇ ಜಾಗಕ್ಕೆ ಸುಮಾರು 4 ಕೆ.ಜಿ. ಅಷ್ಟೇ. ಬೆನ್ನಿಗೆ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಸೀಸ ಸುಮ್ನೆ ಬಿದ್ದಿರುವುದಿಲ್ಲ, ಓಡಾಡುತ್ತಿರುತ್ತದೆ. ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 2 ಮೀಟರ್ ಉದ್ದದ ಸೀಸದ ತಗಡು 50 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ ಎರಡು ಪಟ್ಟಿಗಿಂತ ಜಾಸ್ತಿ. 3 ಮಿ.ಮೀ. ಏನು ಮಹಾ ಅನ್ನಬಹುದು, ಆದರೆ ನಾಲ್ಕೂ ಕಡೆ ಮೊಳೆ ಹೊಡೆದು ಕಟ್ಟಿಹಾಕಿದರೆ ಅದು ಹೋಗಲು ಜಾಗವಿಲ್ಲದೆ ಮಧ್ಯದಲ್ಲಿ ಉಬ್ಬುತ್ತದೆ, ಚಳಿಗೆ ಮತ್ತೆ ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಹೀಗೇ ಆಗಿ ಆಗಿ ಒಂದು ದಿನ ಆ ಉಬ್ಬಿನ ನೆತ್ತಿಯಲ್ಲೇ ಸೀಳು ಬಿಡುತ್ತದೆ. ನಾವು ಕಿತ್ತು ಹಾಕುವ ಹಳೇ ಕೆಲಸದಲ್ಲಿ ಹಾಳಾದದ್ದೆಲ್ಲ ಬಹುತೇಕ ಹೀಗೇ. ಒಂದೋ ತೀರಾ ದೊಡ್ಡ ತಗಡು, ಇಲ್ಲಾಂದ್ರೆ ಜಾಸ್ತಿ ಮೊಳೆ. ಸರಿಯಾಗಿ ಹಾಕಿದ ಸೀಸ ನೂರು ವರ್ಷ ದಾಟಿಯೂ ಗಟ್ಟಿಯಾಗಿರುತ್ತದೆ.

ಅದಕ್ಕೇ ಚಿಕ್ಕ ಚಿಕ್ಕ ತಗಡಾಗಿ ಹಾಕುವುದು. ಕೋಡ್ 5 ಆದರೆ ಚಪ್ಪಟೆ ಛಾವಣಿಯಲ್ಲಿ ಒಂದು ತುಂಡು 600 ಮಿ.ಮೀ. ಅಗಲ, 2 ಮೀಟರ್ ಉದ್ದ, ಅದಕ್ಕಿಂತ ದೊಡ್ಡದು ಬೇಡ. ಮೇಲ್ತುದಿಯಲ್ಲಿ ಮಾತ್ರ ತಾಮ್ರದ ಮೊಳೆ. ಕೆಳಗೆ ಮೊಳೆಯೇ ಇಲ್ಲ, ಗಾಳಿಗೆ ಏಳದ ಹಾಗೆ ತಾಮ್ರದ ಕ್ಲಿಪ್ಪು ಹಿಡಿದಿರುತ್ತದೆ, ಆದರೆ ಬಿಗಿಯಾಗಿ ಅಲ್ಲ, ಜಾರಲು ಬಿಡುತ್ತದೆ. ತಗಡು ತಗಡು ಸೇರುವ ಪಕ್ಕದ ಅಂಚಿನಲ್ಲಿ ಒಂದು ದುಂಡನೆಯ ಮರದ ತುಂಡು ಇಟ್ಟು, ಮೊದಲನೇ ತಗಡನ್ನು ಅದರ ಮೇಲೆ ಅರ್ಧ ಹತ್ತಿಸಿ, ಎರಡನೇದನ್ನು ಪೂರ್ತಿ ದಾಟಿಸಿ ಆಚೆ ಕಡೆ ಸುಮಾರು 40 ಮಿ.ಮೀ. ಮಲಗಿಸುತ್ತೇವೆ. ಮೇಲಿನದು ಯಾವ ಕಡೆ ಮಲಗಬೇಕು ಅನ್ನುವುದು ಗಾಳಿ ನೋಡಿ ನಿರ್ಧಾರ. ಮಳೆ ಹೊಡೆಯುವ ದಿಕ್ಕಿಗೆ ಅಂಚು ತೆರೆದುಕೊಳ್ಳಬಾರದು. ಇಲ್ಲಿ ಮಳೆ ಬಹುಪಾಲು ನೈಋತ್ಯದಿಂದ ಬರುತ್ತದೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಯಾವ ಕಡೆಯಿಂದ ಬಂದು ಬಾಗಿಲಿಗೆ ಬಡಿಯುತ್ತದೆ ಅಂತ ಅಮ್ಮನನ್ನು ಕೇಳು, ಇಂಜಿನಿಯರಿಗಿಂತ ಚೆನ್ನಾಗಿ ಹೇಳುತ್ತಾಳೆ.

ಬಾಗಿದ ಛಾವಣಿಯಲ್ಲಿ ಈ ಮರದ ತುಂಡೇ ತಲೆನೋವು. ಮರವನ್ನೂ ಅದೇ ಬಾಗಿಗೆ ಬಗ್ಗಿಸಬೇಕು. ಬಾಗು ಕಡಿಮೆ ಇದ್ದರೆ ಗರಗಸದಿಂದ ಕೆಳಭಾಗದಲ್ಲಿ ಸಾಲಾಗಿ ಗೀರು ಹಾಕಿ ಬಗ್ಗಿಸಬಹುದು. ತೀರಾ ಜಾಸ್ತಿ ಬಾಗಿದ್ದರೆ ಮರ ಬಿಟ್ಟು, ಎರಡು ಅಂಚುಗಳನ್ನೂ ನಿಲ್ಲಿಸಿ, ಒಂದನ್ನೊಂದು ಅಪ್ಪಿಸಿ ಸುತ್ತಿ, ಒಳಗೆ ಟೊಳ್ಳು ಬಿಡುತ್ತೇವೆ. ನೋಡಲು ಇದೇ ಚೆಂದ. ಆದರೆ ಯಾರಾದರೂ ಮೇಲೆ ಕಾಲಿಟ್ಟರೆ ಜಜ್ಜಿ ಹೋಗುತ್ತದೆ. ಅದಕ್ಕೆ ಜನ ಹತ್ತದ ಜಾಗಕ್ಕೆ ಮಾತ್ರ.

ಇನ್ನು ಮೇಲೆ ಕೆಳಗೆ ಸೇರಿಸುವುದು. ಮೇಲಿನ ತಗಡು ಕೆಳಗಿನದರ ಮೇಲೆ ಎಷ್ಟು ಇಳಿಯಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ: ನೇರ ಎತ್ತರದಲ್ಲಿ ಅಳೆದರೆ 75 ಮಿ.ಮೀ. ಗೋಡೆಯ ಹಾಗೆ ನಿಂತ ಕಡೆ 75 ಮಿ.ಮೀ. ಮೇಲುಹೊದಿಕೆ ಸಾಕು. 30 ಡಿಗ್ರಿ ಇಳಿಜಾರಿಗೆ 150 ಬೇಕು. 15 ಡಿಗ್ರಿಗೆ 290! ಕಮಾನಿನ ಛಾವಣಿಯಲ್ಲಿ ಕೆಳಗೆ ಕಡಿದಾಗಿರುತ್ತದೆ, ನೆತ್ತಿಗೆ ಬಂದಂತೆ ಮಲಗುತ್ತದೆ. ಅಂದರೆ ಒಂದೇ ಪೋರ್ಟಿಕೋದಲ್ಲಿ ಒಂದೊಂದು ಎತ್ತರಕ್ಕೆ ಒಂದೊಂದು ಲೆಕ್ಕ. ನೆತ್ತಿಯ ಹತ್ತಿರ ಜೋಡಣೆ ಇಡದೇ ಇರುವುದೇ ಜಾಣತನ. ನಿನ್ನ ಮೇಸ್ತ್ರಿ ಎಲ್ಲ ಕಡೆ ಒಂದೇ ನಾಲ್ಕು ಇಂಚು ಅಂದರೆ ಸುಮ್ನೆ ತಲೆ ಆಡಿಸಬೇಡ.

ನನಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಮೂಲೆ ತಿದ್ದುವುದು. ಕತ್ತರಿಸದೆ, ಬೆಸುಗೆ ಹಾಕದೆ, ಬರೀ ಮರದ ಸುತ್ತಿಗೆ ಮತ್ತು ಪಟ್ಟಿಯಿಂದ ಬಡಿದು ಬಡಿದು ಚಪ್ಪಟೆ ತಗಡನ್ನು ಬಟ್ಟಲಿನ ಹಾಗೆ ಎಬ್ಬಿಸುತ್ತಾರೆ. ಅಮ್ಮ ರಾಗಿ ರೊಟ್ಟಿ ತಟ್ಟುವಾಗ ದಪ್ಪ ಇರುವ ಕಡೆಯಿಂದ ಹಿಟ್ಟನ್ನು ಅಂಗೈಯಲ್ಲಿ ತೆಳು ಕಡೆಗೆ ತಳ್ಳುತ್ತಾಳಲ್ಲ, ಅದೇ ಕೈ ಚಳಕ. ಲೋಹವನ್ನು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಓಡಿಸಬೇಕು. ಮಡಿಕೆ ಬೀಳಬಾರದು, ಎಲ್ಲೂ ತೆಳುವಾಗಬಾರದು. ಹಿಂದೆ ಈ ಉಪಕರಣಗಳೆಲ್ಲ ಗಟ್ಟಿ ಮರದವು, ಈಗ ಪ್ಲಾಸ್ಟಿಕ್ಕಿನವೂ ಬಂದಿವೆ. ನಮ್ಮ ಯಜಮಾನರು ಮರದ್ದೇ ಬಳಸುತ್ತಾರೆ, ನಮಗೂ ಮುಟ್ಟಲು ಬಿಡುವುದಿಲ್ಲ. ಬೆಸುಗೆಯೂ ಉಂಟು, ಆಕ್ಸಿಜನ್ ಅಸಿಟಿಲೀನ್ ಜ್ವಾಲೆಯಲ್ಲಿ, ಸೀಸದ್ದೇ ಕಡ್ಡಿ ಕರಗಿಸಿ. ಸೀಸ 327 ಡಿಗ್ರಿಗೇ ಕರಗುತ್ತದೆ, ಜ್ವಾಲೆ ಅದಕ್ಕಿಂತ ಎಷ್ಟೋ ಬಿಸಿ, ಕಣ್ಣು ಮಿಟುಕಿಸಿದರೆ ತೂತು. ಐಟಿಐಯಲ್ಲಿ ಕಬ್ಬಿಣ ಬೆಸೆದ ಕೈ ಇಲ್ಲಿ ಎಲ್ಲಾ ಮರೆತು ಹೊಸದಾಗಿ ಕಲಿಯಬೇಕು. ಛಾವಣಿ ಮೇಲೆ ಬೆಂಕಿ ಇಡುವುದಕ್ಕೆ ಇವರಿಗೆ ಭಯ, ಒಳಗೆಲ್ಲ ಹಳೇ ಮರ. ಆದಷ್ಟು ಕೆಳಗೇ ಬೆಸೆದು ಮೇಲೆ ಹೊತ್ತುಕೊಂಡು ಹೋಗುತ್ತೇವೆ.

ಹೊದಿಸಿದ ಮೇಲೂ ಮುಗಿಯುವುದಿಲ್ಲ. ಹೊಸ ಸೀಸದ ಮೇಲೆ ಮಳೆ ಬಿದ್ದರೆ ಬಿಳಿ ಪುಡಿ ಏಳುತ್ತದೆ, ಅದು ಇಳಿದು ಗೋಡೆಯ ಮೇಲೆಲ್ಲ ಬಿಳಿ ಗೆರೆ. ಅದಕ್ಕೆ ಒಂದು ಎಣ್ಣೆ ಇದೆ, ಅದೇ ದಿನ ಮಳೆಗೆ ಮುಂಚೆ ಒರೆಸಬೇಕು, ಅಂಚಿನ ಕೆಳಗೂ ಸೇರಿಸಿ. ಒಳಗಿನಿಂದಲೂ ಶತ್ರು ಇದೆ. ಮನೆಯ ಹಬೆ ಮೇಲೆ ಹೋಗಿ ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಕೆಳಗಿನಿಂದ ಸೀಸವನ್ನು ತಿನ್ನುತ್ತದೆ. ಅದಕ್ಕೆ ತಗಡಿನ ಅಡಿಗೆ ಹಾಸಿದ ಮರದ ಹಲಗೆಯ ಕೆಳಗೆ 50 ಮಿ.ಮೀ. ಗಾಳಿ ಆಡುವ ಜಾಗ ಬಿಡುತ್ತಾರೆ.

ಅಮ್ಮ ಕೇಳಿದ್ದಳು, ಸೀಸ ವಿಷ ಅಲ್ವಾ ಅಂತ. ಹೌದಮ್ಮ, ವಿಷವೇ. ಇಲ್ಲಿ ಅದಕ್ಕೆ 2002ರಿಂದ ಇರುವ ಪ್ರತ್ಯೇಕ ನಿಯಮವಿದೆ. ಜಾಸ್ತಿ ಸೀಸ ಮೈಗೆ ಸೇರುವಂಥ ಕೆಲಸದವರ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಮಟ್ಟ ಮಿತಿ ಮೀರಿದರೆ ಆ ಕೆಲಸದಿಂದ ದೂರ ಇಡುತ್ತಾರೆ. ಊಟಕ್ಕೆ ಮುಂಚೆ ಕೈ, ಮುಖ ತೊಳೆಯಲೇಬೇಕು. ಕೆಲಸದ ಬಟ್ಟೆ ಮನೆಯೊಳಗೆ ಬರುವ ಹಾಗಿಲ್ಲ. ಇವಳು ನರ್ಸು ಬೇರೆ, ಬಾಗಿಲಲ್ಲೇ ನಿಂತು ಉಗುರು ನೋಡುತ್ತಾಳೆ. ಚಿಂತೆ ಮಾಡಬೇಡ.

ಮಂಜು, ನಿನಗೆ ಸೀಸ ಬೇಡ ಅನ್ನುವುದಕ್ಕೂ ಇದೇ ಮೊದಲ ಕಾರಣ. ನಮ್ಮ ಮನೆಯ ಛಾವಣಿ ನೀರೆಲ್ಲ ನೆಲದಡಿಯ ಸಂಪ್‌ಗೆ ಹೋಗುತ್ತದೆ. ನಮ್ಮ ಕಡೆ ಬೋರ್‌ವೆಲ್ ಆಳ ಹೋದಷ್ಟೂ ಫ್ಲೋರೈಡ್ ಕಾಟ, ಅದಕ್ಕೇ ಅಪ್ಪ ಕಷ್ಟಪಟ್ಟು ಮಳೆನೀರು ಹಿಡಿಯುವ ಏರ್ಪಾಡು ಮಾಡಿದ್ದು. ಆ ನೀರಿಗೆ ಸೀಸ ಸೇರಿಸುತ್ತೀಯಾ? ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನಕವೇ ಹೇಳುತ್ತದೆ. ಎರಡನೇದು ಕಳ್ಳರು. ಇಲ್ಲೇ ಚರ್ಚ್‌ಗಳ ಮೇಲಿನ ಸೀಸವನ್ನು ರಾತ್ರೋರಾತ್ರಿ ಸುತ್ತಿಕೊಂಡು ಹೋಗುತ್ತಾರೆ. ಗುಜರಿಯವರು ನಗದು ಕೊಟ್ಟು ಲೋಹ ಕೊಳ್ಳಬಾರದು ಅಂತ 2013ರಲ್ಲಿ ಕಾನೂನು ಮಾಡಿದರೂ ಕಳ್ಳತನ ನಿಂತಿಲ್ಲ. ನಮ್ಮ ಮನೆಯಲ್ಲಿ ಎಷ್ಟು ದಿನ ಉಳಿಯುತ್ತಿತ್ತು ನೀನೇ ಹೇಳು. ತೂಕದ ಮಾತು ಆಗಲೇ ಹೇಳಿದೆ.

ಬಾಗಿದ ಪೋರ್ಟಿಕೋ ಬೇಕು ಅಂದರೆ ಪೈಪನ್ನು ರೋಲ್ ಮಾಡಿಸಿ ಫ್ರೇಮ್ ಮಾಡಿಸು, ಬಾಗಿಸಿದ ಬಣ್ಣದ ಶೀಟು ಬೆಂಗಳೂರಿನಲ್ಲಿ ಸಿಗುತ್ತದೆ. ಲೋಹ ಬೇರೆ, ಗುಣ ಅದೇ. ಅದೂ ಹಿಗ್ಗುತ್ತದೆ. ಸ್ಕ್ರೂ ತೂತು ಸ್ವಲ್ಪ ದೊಡ್ಡದಿರಲಿ, ರಬ್ಬರ್ ವಾಷರ್ ಇರಲಿ, ಡ್ರಿಲ್ಲಿನಲ್ಲಿ ವಾಷರ್ ಚಪ್ಪಟೆಯಾಗುವ ಹಾಗೆ ಬಿಗಿಯಬೇಡ. ಉದ್ದ ಶೀಟಿಗೆ ಎರಡೂ ತುದಿ ಗಟ್ಟಿ ಹಿಡಿಸಬೇಡ.

ಅದಕ್ಕಿಂತ ಮುಖ್ಯ, ಗೋಡೆ ಸೇರುವ ಜಾಗ. ನಮ್ಮ ಹಳೇ ಮನೆಯ ಜಗುಲಿ ಶೀಟು ಪ್ರತಿ ಮಳೆಗಾಲ ಅಲ್ಲೇ ಅಲ್ವಾ ಸೋರುತ್ತಿದ್ದದ್ದು? ಪ್ರತಿ ವರ್ಷ ಯಾರಾದರೂ ಬಂದು ಶೀಟಿಗೂ ಗೋಡೆಗೂ ಮಧ್ಯೆ ಸಿಮೆಂಟು ಮೆತ್ತಿ ಹೋಗುತ್ತಿದ್ದರು. ಶೀಟು ಓಡಾಡುತ್ತದೆ, ಗೋಡೆ ಓಡಾಡುವುದಿಲ್ಲ, ಸಿಮೆಂಟು ಬಿರುಕು ಬಿಡದೆ ಇನ್ನೇನು ಮಾಡುತ್ತದೆ. ಇಲ್ಲಿ ಯಾರೂ ಹಾಗೆ ಮೆತ್ತುವುದಿಲ್ಲ. ಛಾವಣಿಯ ತಗಡು ಗೋಡೆಗೆ ತಾಗಿ ಮೇಲಕ್ಕೆ ಮಡಿದು ನಿಂತಿರುತ್ತದೆ, ಗೋಡೆಗೆ ಅಂಟಿರುವುದಿಲ್ಲ. ಅದರ ಮೇಲೆ ಗೋಡೆಯಲ್ಲಿ 25 ಮಿ.ಮೀ. ಆಳದ ಗೀರು ಕೊರೆದು, ಇನ್ನೊಂದು ತಗಡಿನ ಅಂಚನ್ನು ಆ ಗೀರಿನೊಳಗೆ ಸಿಕ್ಕಿಸಿ, ಕೆಳಗಿನದರ ಮೇಲೆ ಲಂಗದ ಹಾಗೆ ಇಳಿಬಿಡುತ್ತಾರೆ. ಈ ಮೇಲಿನ ತಗಡು ಒಂದೂವರೆ ಮೀಟರಿಗಿಂತ ಉದ್ದ ಇರುವ ಹಾಗಿಲ್ಲ, ತುಂಡು ತುಂಡಾಗಿ ಒಂದರ ಮೇಲೊಂದು. ಕೆಳಗಿನದು ಓಡಾಡುತ್ತಿದ್ದರೂ ನೀರು ಒಳಗೆ ಬರಲು ದಾರಿಯೇ ಇಲ್ಲ. ಗೋಡೆಗೆ ಸಿಕ್ಕಿಸುವ ಈ ತಗಡಿಗೆ ಫ್ಲಾಶಿಂಗ್ ಅನ್ನುತ್ತಾರೆ. ನಿನ್ನದು ಅಲ್ಯುಮಿನಿಯಂ ಫ್ಲಾಶಿಂಗ್ ಆದರೆ ಹಸಿ ಸಿಮೆಂಟು ತಾಗಿಸಬೇಡ, ತಿಂದುಬಿಡುತ್ತದೆ. ಗೀರಿಗೆ ಸೀಲೆಂಟ್ ತುಂಬಿಸು.

ಮುಂದಿನ ಅಂಚು ಫ್ರೇಮಿಗಿಂತ ಹೊರಗೆ ಚಾಚಿ, ತುದಿ ಕೆಳಗೆ ಮಡಿದಿರಲಿ. ಇಲ್ಲದಿದ್ದರೆ ನೀರು ಶೀಟಿನ ಅಡಿಯಲ್ಲೇ ಹಿಂದಕ್ಕೆ ಓಡಿ ಫ್ರೇಮಿಗೆ ತುಕ್ಕು ಹಿಡಿಸುತ್ತದೆ. ನಂದಿಯಲ್ಲಿ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋದಾಗ ಸೂರಿನ ಕಲ್ಲನ್ನು ಕೆಳಗಿನಿಂದ ನೋಡು, ಅಷ್ಟು ಭಾರದ ಕಲ್ಲನ್ನೂ ಬಾಗಿಸಿ ಮುಂದಕ್ಕೆ ಚಾಚಿದ್ದಾರೆ. ಸುಮ್ನೆ ಚೆಂದಕ್ಕೆ ಅಂತ ನಾನು ತಿಳಿದುಕೊಂಡಿದ್ದೆ. ನೀರು ಗೋಡೆಯಿಂದ ದೂರ ಬೀಳಲಿ ಅಂತಲೂ ಹೌದು ಅಂತ ಈಗ ಅನ್ನಿಸುತ್ತದೆ.

ಈ ವಾರ ಮಾಡಬೇಕಾದ್ದು ಇಷ್ಟು. ದಪ್ಪ ರಟ್ಟಿನಲ್ಲಿ ಬಾಗಿನ ಅಚ್ಚು ಕತ್ತರಿಸಿ ಬಾಗಿಲ ಮೇಲೆ ಹಿಡಿದು ನೋಡು. ಕಾಗದದ ಮೇಲೆ ಚೆನ್ನಾಗಿ ಕಂಡದ್ದು ಗೋಡೆಯ ಮೇಲೆ ಗೂನು ಬೆನ್ನಿನ ಹಾಗೆ ಕಾಣಬಹುದು, ನಮ್ಮಲ್ಲೂ ರಟ್ಟಿನ ಅಚ್ಚು ಒಪ್ಪಿಗೆಯಾಗದೆ ತಗಡಿಗೆ ಕತ್ತರಿ ಹಾಕುವುದಿಲ್ಲ. ಅಗಲ, ಚಾಚು, ಎತ್ತರ ಮೂರನ್ನೂ ಮಿ.ಮೀ.ನಲ್ಲಿ ಬರೆದು, ಗೋಡೆಯ ಹತ್ತಿರದ ಫೋಟೋ ಜೊತೆ ಕಳಿಸು. ಮೇಸ್ತ್ರಿ ಗೋಡೆಗೆ ಕಟ್ಟರ್ ಹಿಡಿಯುವ ಮುಂಚೆ ನನಗೆ ವಿಡಿಯೋ ಕಾಲ್ ಮಾಡು. ಶನಿವಾರ ನಿಮ್ಮ ಮಧ್ಯಾಹ್ನ ಎರಡೂವರೆ ಮೇಲೆ ಆದರೆ ನಾನು ಎದ್ದಿರುತ್ತೇನೆ. ಅಪ್ಪ, ಅವನು ಮಾಡದಿದ್ದರೆ ನೀವೇ ಮಾಡಿ.

ನಿಮ್ಮ ಮಗ